ಬೆರಳು ಹೋದ ಗಳಿಗೆಗೆ ಕೂಲಿಯೂ ನಿಂತಿತು

ಹೋದ ವಾರ ಒಬ್ಬ ಗಿರಣಿ ಕಾರ್ಮಿಕ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದ. ವಯಸ್ಸು ಮೂವತ್ತೈದು, ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು, ಮುದಿ ತಾಯಿ. ಬಲಗೈಗೆ ದಪ್ಪನೆಯ ಬ್ಯಾಂಡೇಜು. ಅಕ್ಕಿ ಗಿರಣಿಯ ಬೆಲ್ಟಿಗೆ ಕೈ ಸಿಕ್ಕಿ ಎರಡು ಬೆರಳು ಬುಡದಿಂದಲೇ ಹೋಗಿದ್ದವು. ಬೆಲ್ಟಿಗೆ ಯಾವ ಮರೆಯೂ ಇರಲಿಲ್ಲ. ಅಪಘಾತವಾದಾಗ ಬೆಳಗಿನ ಹನ್ನೊಂದು ಗಂಟೆ. ವಾರದ ಬಟವಾಡೆಯಲ್ಲಿ ಮುಕಾದಮನು ಆ ದಿನದ ಕೂಲಿಯನ್ನು ಹನ್ನೊಂದು ಗಂಟೆಯವರೆಗೆ ಮಾತ್ರ ಲೆಕ್ಕ ಹಾಕಿ ಕೊಟ್ಟನಂತೆ!

ಓದುಗರು ಈ ಮಾತನ್ನು ಇನ್ನೊಮ್ಮೆ ಓದಬೇಕೆಂದು ನಮ್ಮ ಕೋರಿಕೆ. ಎಂಟಕ್ಕೆ ಪಾಳಿ ಶುರು; ಹನ್ನೊಂದಕ್ಕೆ ಬೆರಳು ಹೋಯಿತು; ಆದ್ದರಿಂದ ಮೂರು ತಾಸಿನ ಕೂಲಿ. ರಕ್ತ ಸುರಿಯತೊಡಗಿದ ಗಳಿಗೆಗೆ ಸರಿಯಾಗಿ ಸಾಹುಕಾರರ ಗಡಿಯಾರ ನಿಂತಿತು. ಅದರ ಮೇಲೆ ಮೂರು ಸಾವಿರ ರೂಪಾಯಿ ‘ಧರ್ಮಕ್ಕೆ’ ಎಂದು ಕೊಟ್ಟು, ಬಿಳಿ ಕಾಗದದ ಮೇಲೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು, “ಕೈ ಮಾಯ್ದ ಮೇಲೆ ಬಾ, ನೋಡೋಣ” ಎಂದು ಕಳಿಸಿದರಂತೆ. ಕೈ ಇನ್ನೂ ಮಾಯ್ದಿಲ್ಲ. ಅವನ ಜಾಗಕ್ಕೆ ಮಾತ್ರ ಮರುದಿನವೇ ಇನ್ನೊಬ್ಬ ಬಂದಿದ್ದಾನೆ.

“ಅಣ್ಣಾರೇ, ಕೇಳಾಕ ಹೋದ್ರ ನನ್ನ ಹೆಸರು ಯಾವ ಬುಕ್ಕಿನಾಗೂ ಇಲ್ಲಂತ್ರೀ” ಎಂದ ಆ ಮನುಷ್ಯ. ಐದು ವರ್ಷ ದುಡಿದ ಗಿರಣಿ ಅದು. ಐದು ವರ್ಷ ಚೀಲ ಹೊತ್ತ ಬೆನ್ನಿಗೆ ಗಿರಣಿ ಗೊತ್ತು. ಗಿರಣಿಗೆ ಆ ಬೆನ್ನು ಗೊತ್ತಿಲ್ಲ!

ಇದು ಒಬ್ಬನ ಕಥೆಯಾಗಿದ್ದರೆ ನಾವು ಪತ್ರಿಕೆಯ ಇಷ್ಟು ಜಾಗವನ್ನು ಇದಕ್ಕೆ ಕೊಡುತ್ತಿರಲಿಲ್ಲ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ, ಕಲಬುರಗಿಯ ಬೇಳೆ ಗಿರಣಿಗಳಲ್ಲಿ, ರಾಯಚೂರಿನ ಹತ್ತಿ ಜಿನ್ನಿಂಗಿನಲ್ಲಿ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ, ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದಿನದ ಲೆಕ್ಕಕ್ಕೆ, ತಾಸಿನ ಲೆಕ್ಕಕ್ಕೆ, ಚೀಲದ ಲೆಕ್ಕಕ್ಕೆ ದುಡಿಯುವ ಯಾರನ್ನಾದರೂ ಕೇಳಿ: ಗಾಯವಾದರೆ ರಜೆ ಉಂಟೇ? ರಜೆಗೆ ಪಗಾರ ಉಂಟೇ? ವಾಸಿಯಾದ ಮೇಲೆ ಅದೇ ಕೆಲಸ ಉಂಟೇ? ಅವರು ನಿಮ್ಮನ್ನು ಹುಚ್ಚರನ್ನು ನೋಡಿದಂತೆ ನೋಡಿಯಾರು.

ಕಾನೂನು ಇಲ್ಲವೆಂದಲ್ಲ

ನಮ್ಮ ಸಾಹುಕಾರರು ಇದನ್ನು ದಯೆಯ ವಿಷಯವೆಂದು ತಿಳಿದಿದ್ದಾರೆ. ‘ಆಸ್ಪತ್ರೆ ಖರ್ಚು ಕೊಟ್ಟೆವು, ಮೇಲೆ ಒಂದಿಷ್ಟು ಕೈಗೆ ಇಟ್ಟೆವು’ ಎನ್ನುತ್ತಾರೆ. ಅವರು ತಿಳಿಯಬೇಕಾದ ಮೊದಲನೆಯ ಸಂಗತಿ, ಇದು ದಾನವಲ್ಲ, ಸಾಲ. ಮತ್ತು ಆ ಸಾಲಕ್ಕೆ ನೂರು ವರ್ಷ ಕಳೆದಿದೆ.

ಜರ್ಮನಿಯಲ್ಲಿ ಕಾರ್ಮಿಕರ ಕಾಯಿಲೆ ವಿಮೆ 1883ರಲ್ಲಿ ಬಂತು, ಅಪಘಾತ ವಿಮೆ 1884ರಲ್ಲಿ ಬಂತು. ತಂದವನು ಬಿಸ್ಮಾರ್ಕ್. ಅವನೇನು ಸಮಾಜವಾದಿಯಲ್ಲ, 1878ರಲ್ಲಿ ಸಮಾಜವಾದಿಗಳ ಮೇಲೆ ನಿರ್ಬಂಧದ ಕಾಯಿದೆ ತಂದವನು. ಕಾರ್ಮಿಕರ ಕೂಗಿಗೆ ಅಂಜಿ ಅವನೂ ಕೊಡಬೇಕಾಯಿತು. ನಮ್ಮಲ್ಲಿ ಪರದೇಶದವರ ಆಳ್ವಿಕೆಯಲ್ಲಿಯೇ 1923ರಲ್ಲಿ ಕಾಮಗಾರರ ಪರಿಹಾರ ಕಾಯಿದೆಯಾಯಿತು. 1944ರಲ್ಲಿ ಅದಾರ್ಕರ್ ಅವರು ಕಾರ್ಮಿಕರ ಆರೋಗ್ಯ ವಿಮೆಯ ವರದಿ ಕೊಟ್ಟರು. ಡಾ. ಅಂಬೇಡ್ಕರರು ವೈಸರಾಯರ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದ ಕಾಲ ಅದು. 1948ರಲ್ಲಿ ಇ.ಎಸ್.ಐ. ಕಾಯಿದೆ ಬಂತು, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಅವರು ಯೋಜನೆಯನ್ನು ಉದ್ಘಾಟಿಸಿದರು. ಕಾಯಿಲೆ, ಅಂಗವೈಕಲ್ಯಗಳ ಕಾಲದಲ್ಲಿ ಪ್ರಜೆಗೆ ನೆರವು ಸಿಗುವಂತೆ ಮಾಡಬೇಕೆಂದು ಸಂವಿಧಾನದ 41ನೆಯ ಅನುಚ್ಛೇದವೂ, ಕೆಲಸದ ಪರಿಸ್ಥಿತಿ ನ್ಯಾಯವಾಗಿ ಮಾನವೀಯವಾಗಿ ಇರಬೇಕೆಂದು 42ನೆಯ ಅನುಚ್ಛೇದವೂ ಸರಕಾರಕ್ಕೆ ದಾರಿ ತೋರಿಸಿವೆ.

ಈ ಹಳೆಯ ಕಾಯಿದೆಗಳನ್ನೆಲ್ಲ ಸೇರಿಸಿ 2020ರಲ್ಲಿ ಪಾರ್ಲಿಮೆಂಟು ಸಾಮಾಜಿಕ ಭದ್ರತಾ ಸಂಹಿತೆಯನ್ನು ಮಾಡಿತು. ಐದು ವರ್ಷ ಬೀರುವಿನಲ್ಲಿಟ್ಟು ಸರಕಾರ 2025ರ ನವೆಂಬರ್ 21ರಂದು ಜಾರಿಗೆ ತಂದಿತು. ಹೆಸರು ಬದಲಾಯಿತು, ತಳಹದಿ ಅದೇ. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಇ.ಎಸ್.ಐ.; ಅದು ಅನ್ವಯಿಸದ ಗಿರಣಿಗಳಲ್ಲಿ ಮಾಲೀಕನೇ ನೇರವಾಗಿ ಪರಿಹಾರ ಕೊಡಬೇಕು. ಗುತ್ತಿಗೆದಾರನ ಕಡೆಯಿಂದ ಬಂದವನಾದರೂ ಗಿರಣಿಯ ಮಾಲೀಕ ಕೈ ತೊಳೆದುಕೊಳ್ಳುವಂತಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಕಾರ್ಮಿಕ ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೂ ಆ ಕಾಗದ ಕಾನೂನಿನ ಮುಂದೆ ಕಸ.

ಹಾಗಾದರೆ ಆ ಎರಡು ಬೆರಳಿನವನಿಗೆ ಏನೂ ಏಕೆ ಸಿಗಲಿಲ್ಲ?

ಒಂಬತ್ತರ ಆಟ

ಏಕೆಂದರೆ ಕಾನೂನು ಹೇಳುವುದು ‘ನೌಕರ’ನಿಗೆ. ನಮ್ಮ ಗಿರಣಿಗಳು ನೌಕರನನ್ನು ಹುಟ್ಟಲಿಕ್ಕೇ ಬಿಡುವುದಿಲ್ಲ. ಆ ಗಿರಣಿಯಲ್ಲಿ ದುಡಿಯುವವರು ಇಪ್ಪತ್ತಕ್ಕೂ ಮೇಲೆ. ಹಾಜರಿ ಪುಸ್ತಕದಲ್ಲಿರುವವರು ಒಂಬತ್ತು. ಉಳಿದವರು ಮುಕಾದಮನ ಜನ, ಬದಲಿ ಜನ, ‘ಇವತ್ತಷ್ಟೇ ಬಂದವರು’. ಹತ್ತಕ್ಕೆ ಕಾಯಿದೆ ಬರುತ್ತದೆಂದು ಒಂಬತ್ತಕ್ಕೇ ಪುಸ್ತಕ ಮುಚ್ಚುವುದು! ಕೆಲವು ಕಡೆ ಒಂದೇ ಕಾಂಪೌಂಡಿನಲ್ಲಿ ಮೂರು ಬೋರ್ಡು: ಒಂದು ತಂದೆಯ ಹೆಸರಿಗೆ, ಒಂದು ಮಗನ ಹೆಸರಿಗೆ, ಒಂದು ಸೊಸೆಯ ಹೆಸರಿಗೆ.

1948ರ ಇ.ಎಸ್.ಐ. ಕಾಯಿದೆಯ 73ನೆಯ ಕಲಮು ಒಂದು ಒಳ್ಳೆಯ ಮಾತು ಹೇಳಿತ್ತು: ಕಾಯಿಲೆಯ ಅಥವಾ ಗಾಯದ ಭತ್ಯೆ ಪಡೆಯುತ್ತಿರುವ ಕಾರ್ಮಿಕನನ್ನು ಆ ಅವಧಿಯಲ್ಲಿ ವಜಾ ಮಾಡಕೂಡದು, ದಂಡಿಸಕೂಡದು. ಆದರೆ ದಿನಗೂಲಿಯವನನ್ನು ವಜಾ ಮಾಡುವ ಅಗತ್ಯವಾದರೂ ಎಲ್ಲಿದೆ? ನಾಳೆ ಕರೆಯದಿದ್ದರೆ ಮುಗಿಯಿತು. ಪತ್ರವಿಲ್ಲ, ನೋಟೀಸಿಲ್ಲ, ವಿಚಾರಣೆಯಿಲ್ಲ. ರಜೆ ಎಂಬುದು ನೌಕರಿ ಇದ್ದವನಿಗೆ. ಪ್ರತಿದಿನ ಸಂಜೆ ನೌಕರಿ ಸತ್ತು ಮರುದಿನ ಬೆಳಿಗ್ಗೆ ಹುಟ್ಟುವವನಿಗೆ ರಜೆ ಎಲ್ಲಿಂದ ಬಂದೀತು? ನಾವು ಹೋರಾಡಬೇಕಾದದ್ದು ಈ ಬೇರಿನ ವಿರುದ್ಧ.

ಕಾನೂನೂ ತಾನಾಗಿ ಕೆಲವು ಬಾಗಿಲುಗಳನ್ನು ತೆರೆದಿಟ್ಟಿದೆ. ಹಂಗಾಮಿನ ಕಾರ್ಖಾನೆಗಳಿಗೆ ಇ.ಎಸ್.ಐ. ಇಲ್ಲ. ಹಂಗಾಮಿನದ್ದೆಂದರೆ ಯಾವುದು? ಹತ್ತಿ ಜಿನ್ನಿಂಗು, ಹತ್ತಿ ಪ್ರೆಸ್ಸು, ಶೇಂಗಾ ಸುಲಿಯುವುದು, ಸಕ್ಕರೆ, ಬೆಲ್ಲ. ಅಂದರೆ ನಮ್ಮ ಬಯಲುಸೀಮೆಯ ಜನ ಹೊಟ್ಟೆಗಾಗಿ ಹೋಗುವ ಅರ್ಧಕ್ಕರ್ಧ ಜಾಗಗಳು! ಜಿನ್ನಿಂಗಿನ ಹಲ್ಲಿಗೆ ಹಂಗಾಮು ಗೊತ್ತೇ? ನಾಲ್ಕು ತಿಂಗಳ ಕೆಲಸದಲ್ಲಿ ಕಳೆದುಕೊಂಡ ಕೈ ಐದನೆಯ ತಿಂಗಳು ಮರಳಿ ಬರುತ್ತದೆಯೇ?

ಹೊಸ ಸಂಹಿತೆಗಳಲ್ಲಿ ಸಂಬಳದ ವಾರ್ಷಿಕ ರಜೆಗೆ 240 ದಿನದ ಬದಲು 180 ದಿನ ದುಡಿದರೆ ಸಾಕೆಂದಿದೆ, ಒಳ್ಳೆಯದು, ಸ್ವಾಗತಿಸುತ್ತೇವೆ. ಆದರೆ ಇಪ್ಪತ್ತು ದಿನಕ್ಕೊಂದರಂತೆ ಸಿಗುವ ಆ ರಜೆ ಮೈ ದಣಿವಾರಿಸುವುದಕ್ಕೆ. ಮುರಿದ ಕೈ ಕೂಡುವುದಕ್ಕಲ್ಲ. ಇನ್ನೊಂದು ಕಡೆ, ರಜೆ ಮುಂತಾದ ಕೆಲಸದ ನಿಯಮಗಳನ್ನು ಬರೆದು ಪ್ರಕಟಿಸಬೇಕಾದ ಸ್ಥಾಯೀ ಆದೇಶದ ಹೊಣೆಯನ್ನು, ಕೇಂದ್ರ ಕಾಯಿದೆಯಲ್ಲಿ 100 ಜನಕ್ಕಿದ್ದದ್ದನ್ನು 300ಕ್ಕೆ ಏರಿಸಿದ್ದಾರೆ. ಮುನ್ನೂರು ಜನರ ಗಿರಣಿ ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ, ಮಂತ್ರಿಗಳು ಬಂದು ಎಣಿಸಲಿ.

ಲೆಕ್ಕ ಹಾಕೋಣ

ಸಾಹುಕಾರರಿಗೆ ಲೆಕ್ಕದ ಭಾಷೆ ಬೇಗ ತಿಳಿಯುತ್ತದೆ. ಆದ್ದರಿಂದ ಲೆಕ್ಕವನ್ನೇ ಹೇಳುತ್ತೇವೆ. ದಿನಗೂಲಿ 500 ರೂಪಾಯಿ ಎಂದು ಹಿಡಿಯೋಣ; 26 ದಿನಕ್ಕೆ 13,000.

ಇ.ಎಸ್.ಐ.ಗೆ ಮಾಲೀಕನ ವಂತಿಗೆ ನೂರಕ್ಕೆ ಮೂರೂಕಾಲು. 500ಕ್ಕೆ 16 ರೂಪಾಯಿ 25 ಪೈಸೆ. ಕಾರ್ಮಿಕನ ವಂತಿಗೆ ನೂರಕ್ಕೆ ಮುಕ್ಕಾಲು. 3 ರೂಪಾಯಿ 75 ಪೈಸೆ. ಎರಡೂ ಸೇರಿ ದಿನಕ್ಕೆ 20 ರೂಪಾಯಿ. ಮಾಲೀಕರ ಪಾಲು ಮೊದಲು ನೂರಕ್ಕೆ 4.75 ಇತ್ತು, ಹೊರೆಯಾಯಿತೆಂದು ಅವರು ಗೋಳಾಡಿದ್ದರಿಂದ 2019ರ ಜುಲೈಯಲ್ಲಿ ಇಳಿಸಿದರು. ಇಳಿಸಿದ ಮೇಲೂ ಪುಸ್ತಕದಲ್ಲಿ ಹೆಸರು ಒಂಬತ್ತೇ!

ಈ ಹದಿನಾರೂಕಾಲು ರೂಪಾಯಿಯನ್ನು ಕಟ್ಟಿದ್ದರೆ ಏನಾಗುತ್ತಿತ್ತು? ಕೆಲಸದಲ್ಲಿ ಗಾಯವಾದವನಿಗೆ ಕೂಲಿಯ ನೂರಕ್ಕೆ ತೊಂಬತ್ತರಂತೆ ದಿನಕ್ಕೆ 450 ರೂಪಾಯಿ, ಡಾಕ್ಟರು ಕೆಲಸಕ್ಕೆ ಹೋಗಬಹುದೆನ್ನುವವರೆಗೆ. ಆರು ವಾರವಾದರೆ 18,900 ರೂಪಾಯಿ. ಚಿಕಿತ್ಸೆ ಬೇರೆ. ಇದಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಬೆರಳು ಹೋದರೂ ಹಕ್ಕು ಹಕ್ಕೇ. ಎರಡು ಬೆರಳು ಹೋದದ್ದಕ್ಕೆ ಕಾಯಿದೆಯ ಪಟ್ಟಿ ದುಡಿಮೆಯ ಶಕ್ತಿ ನೂರಕ್ಕೆ ಇಪ್ಪತ್ತು ಕುಂದಿತೆಂದು ಎಣಿಸುತ್ತದೆ. ಆ ಲೆಕ್ಕಕ್ಕೆ ಬದುಕಿರುವವರೆಗೆ ದಿನಕ್ಕೆ 90 ರೂಪಾಯಿ.

ಇ.ಎಸ್.ಐ. ಇಲ್ಲದ ಗಿರಣಿಯೆಂದುಕೊಳ್ಳೋಣ. ಆಗ ಮಾಲೀಕನು ಗಾಯದ ಕಾಲಕ್ಕೆ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಕಾಲುಭಾಗ, ಅಂದರೆ 3,250 ರೂಪಾಯಿ ಕೊಡಬೇಕು. ಅರ್ಧ ಕೂಲಿ! ಅರ್ಧ ಹೊಟ್ಟೆಗೆ ಕಾಯಿದೆಯೇ ಮುದ್ರೆ ಒತ್ತಿದೆ. ಇದನ್ನು ನಾವು ಒಪ್ಪುವುದಿಲ್ಲ. ಮೂರು ದಿನಕ್ಕೆ ಮೀರದ ಗಾಯವಾದರೆ ಆ ಅರ್ಧವೂ ಇಲ್ಲ. ಆದರೂ ಶಾಶ್ವತವಾಗಿ ಬೆರಳು ಹೋದದ್ದಕ್ಕೆ ಬೇರೆ ಪರಿಹಾರವಿದೆ. ಮೂವತ್ತೈದು ವಯಸ್ಸಿಗೆ ಕಾಯಿದೆಯ ಗುಣಕ 197.06. ತಿಂಗಳ ಕೂಲಿಯ ನೂರಕ್ಕೆ ಅರವತ್ತು 7,800. ಅದನ್ನು ಗುಣಕದಿಂದ ಗುಣಿಸಿ ನೂರಕ್ಕೆ ಇಪ್ಪತ್ತು ತೆಗೆದರೆ ಸುಮಾರು 3 ಲಕ್ಷ 7 ಸಾವಿರ ರೂಪಾಯಿ. ಆಸ್ಪತ್ರೆಯ ನಿಜವಾದ ಖರ್ಚು ಇದರ ಮೇಲೆ. 2009ರ ತಿದ್ದುಪಡಿಯಿಂದ ಅದೂ ಮಾಲೀಕನ ಹೊಣೆ.

ಮೂರು ಲಕ್ಷದ ಸಾಲವನ್ನು ಮೂರು ಸಾವಿರ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡು ಮುಗಿಸುವುದಕ್ಕೆ ಬಜಾರಿನಲ್ಲಿ ಏನೆನ್ನುತ್ತಾರೆ? ವ್ಯಾಪಾರಿ ಬಂಧುಗಳೇ ಹೇಳಲಿ. ನಿಮ್ಮ ಬಾಕಿಯನ್ನು ಯಾರಾದರೂ ನೂರಕ್ಕೊಂದು ರೂಪಾಯಿ ಕೊಟ್ಟು ತೀರಿಸಿದರೆ ಅದನ್ನು ನೀವು ಧರ್ಮವೆನ್ನುತ್ತೀರಾ?

ಅವರ ಮಾತು, ನಮ್ಮ ಉತ್ತರ

‘ಕಾರ್ಮಿಕನದೇ ಅಜಾಗರೂಕತೆ’ ಎನ್ನುತ್ತಾರೆ. ತಿರುಗುವ ಯಂತ್ರಕ್ಕೆ ಭದ್ರವಾದ ಮರೆ ಇರಬೇಕೆಂದು 1948ರಿಂದಲೂ ಕಾನೂನು ಹೇಳುತ್ತ ಬಂದಿದೆ. ಮರೆಯಿಲ್ಲದ ಬೆಲ್ಟಿನ ಪಕ್ಕದಲ್ಲಿ ಹನ್ನೆರಡು ತಾಸು ನಿಲ್ಲಿಸಿ, ಕಣ್ಣಿಗೆ ನಿದ್ದೆ ಎಳೆದಾಗ ಅಜಾಗರೂಕ ಎನ್ನುವುದು ಬಾವಿಗೆ ಕಟ್ಟೆ ಕಟ್ಟದೆ ಬಿದ್ದವನನ್ನು ಬೈದಂತೆ. ಕುಡಿದು ಬಂದಿದ್ದರೆ, ಬೇಕೆಂದೇ ಆಜ್ಞೆ ಮೀರಿದ್ದರೆ, ಬೇಕೆಂದೇ ಮರೆ ಕಿತ್ತಿದ್ದರೆ ಮಾತ್ರ ಮಾಲೀಕ ತಪ್ಪಿಸಿಕೊಳ್ಳಬಹುದು. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ ಅದೂ ನಡೆಯದು. ಬರಿಯ ಅಜಾಗರೂಕತೆ ಕಾನೂನಿನಲ್ಲಿ ನೆಪವಲ್ಲ.

‘ದುಡಿಯದ ದಿನಕ್ಕೆ ಕೂಲಿ ಯಾತಕ್ಕೆ?’ ಎನ್ನುತ್ತಾರೆ. ಗಿರಣಿಯ ಮೋಟಾರು ಸುಟ್ಟರೆ ಸಾಹುಕಾರರು ಅದನ್ನು ತಿಪ್ಪೆಗೆ ಎಸೆಯುತ್ತಾರೆಯೇ? ಕಾಯಿಲ್ ಕಟ್ಟಿಸಿ, ಮತ್ತೆ ಅದರ ಜಾಗದಲ್ಲೇ ಕೂಡಿಸುತ್ತಾರೆ. ಗೋದಾಮಿನ ಮಾಲಿಗೆ ಬೆಂಕಿಯ ವಿಮೆ ಇದೆ. ಲಾರಿಗೆ ವಿಮೆ ಇದೆ. ವಿಮೆಯಿಲ್ಲದ್ದು ಒಂದೇ, ಮನುಷ್ಯನ ಕೈ. ಏಕೆಂದರೆ ಮೋಟಾರಿಗೆ ಕಾಸು ಕೊಡಬೇಕು. ಮನುಷ್ಯ ಬಾಗಿಲಲ್ಲಿ ಬಿಟ್ಟಿ ಸಿಗುತ್ತಾನೆ.

‘ಮುಂದುವರಿದ ದೇಶಗಳಲ್ಲೂ ಹೀಗೇ ಇದೆ’ ಎನ್ನುವ ಓದಿದವರೂ ಇದ್ದಾರೆ. ನಿಜ, ಶ್ರೀಮಂತ ಅಮೆರಿಕದಲ್ಲಿ 1993ರ ಕಾಯಿದೆ ಕೊಡುವುದು ಹನ್ನೆರಡು ವಾರದ ರಜೆ. ಅದೂ ಸಂಬಳವಿಲ್ಲದ ರಜೆ, ಐವತ್ತು ಜನರಿರುವ ಸಂಸ್ಥೆಯಲ್ಲಿ, ವರ್ಷಕ್ಕೆ 1,250 ತಾಸು ದುಡಿದವನಿಗೆ. ಅಷ್ಟು ತಾಸು ತುಂಬದವರು ಅಲ್ಲಿಯೂ ಗೋಡೆಯ ಹೊರಗೇ. ನೆರೆಮನೆಯವನಿಗೆ ಹುಣ್ಣಾಗಿದೆಯೆಂದು ನಮ್ಮ ಮನೆಯ ಹುಣ್ಣಿಗೆ ಔಷಧಿ ಬೇಡವೇ?

ಸಣ್ಣ ವ್ಯಾಪಾರಿಗಳಿಗೆ ಎರಡು ಮಾತು

ಈ ಪತ್ರಿಕೆಯನ್ನು ಅಂಗಡಿಯ ಗಲ್ಲೆಯ ಮೇಲಿಟ್ಟು ಓದುವವರೂ ಬಹಳ. ‘ನಮ್ಮದು ಎರಡಾಳಿನ ಅಂಗಡಿ, ಹಮಾಲನಿಗೆ ಕಾಲು ಮುರಿದರೆ ಮೂರು ತಿಂಗಳು ನಾವೆಲ್ಲಿಂದ ಕೂಡಿಸಿ ಕೊಡೋಣ?’ ಎಂದು ಅವರು ಕೇಳಿದರೆ ಅದು ಸುಳ್ಳು ಅಳಲಲ್ಲ. ಅಂಗಡಿಯವನಿಗೇ ಜ್ವರ ಬಂದರೆ ಅಂದಿನ ವ್ಯಾಪಾರ ಮುಳುಗಿತು. ಆದರೆ ಅಂಗಡಿಯ ಆಳಿಗೂ ಕಾಯಿಲೆ, ಅಪಘಾತಕ್ಕೆ ವರ್ಷಕ್ಕೆ ಹನ್ನೆರಡು ದಿನದವರೆಗೆ ಸಂಬಳದ ರಜೆಯನ್ನು 1961ರ ನಮ್ಮ ರಾಜ್ಯದ ಅಂಗಡಿ ಕಾಯಿದೆ ಕೊಟ್ಟಿದೆ, ಅದನ್ನು ಮರೆಯಬಾರದು. ಇನ್ನೂ ಒಂದು ಮಾತು. ಗಾಯಗೊಂಡ ಕಾರ್ಮಿಕನ ಮನೆಯ ಅಕ್ಕಿ ಬೇಳೆ ಯಾರ ಉದ್ರಿ ಖಾತೆಯಲ್ಲಿ ಬರೆದಿರುತ್ತದೆ? ನಿಮ್ಮದರಲ್ಲಿ. ದೊಡ್ಡ ಗಿರಣಿಯವನು ಉಳಿಸಿದ ಹದಿನಾರೂಕಾಲು ರೂಪಾಯಿಯ ಸಾಲ ಕೊನೆಗೆ ನಿಮ್ಮ ಪುಸ್ತಕಕ್ಕೆ ಬಂದು ಬೀಳುತ್ತದೆ.

ಒಬ್ಬರಿಂದಾಗದ್ದು ಹತ್ತು ಜನರಿಂದಾಗುತ್ತದೆ. ಮಹಾರಾಷ್ಟ್ರದಲ್ಲಿ ಹಮಾಲರು ಅಣ್ಣಾಸಾಹೇಬ ಪಾಟೀಲರ ಮುಂದಾಳುತನದಲ್ಲಿ ಹೋರಾಡಿ 1969ರಲ್ಲಿ ಮಾಥಾಡಿ ಕಾಯಿದೆಯನ್ನು ಪಡೆದರು. ಅಲ್ಲಿ ಮಂಡಳಿಯಲ್ಲಿ ಹಮಾಲನೂ ನೋಂದಾಯಿತ, ವ್ಯಾಪಾರಿಯೂ ನೋಂದಾಯಿತ. ವ್ಯಾಪಾರಿ ಕೂಲಿಯನ್ನೂ ಅದರ ಮೇಲೊಂದು ವಂತಿಗೆಯನ್ನೂ ಮಂಡಳಿಗೆ ಕಟ್ಟುತ್ತಾನೆ. ಹಮಾಲ ಇಂದು ಈ ಅಂಗಡಿಗೆ, ನಾಳೆ ಆ ಅಂಗಡಿಗೆ ಚೀಲ ಹೊತ್ತರೂ ಅವನ ರಜೆ, ಭವಿಷ್ಯನಿಧಿ, ಔಷಧೋಪಚಾರ ಮಂಡಳಿಯಲ್ಲಿ ಕೂಡುತ್ತ ಹೋಗುತ್ತದೆ. ಕೇರಳದಲ್ಲಿ 1978ರ ತಲೆಹೊರೆ ಕಾರ್ಮಿಕರ ಕಾಯಿದೆ ಬಂತು. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯಿದೆಯ ಕಾಲದಿಂದ ಕಟ್ಟಡದ ವೆಚ್ಚದ ಮೇಲೆ ನೂರಕ್ಕೊಂದು ಸೆಸ್ ಎತ್ತುತ್ತ ಬಂದಿದ್ದಾರೆ. ಮನೆಮನೆಗೆ ಊಟ ಸಾಮಾನು ತಲುಪಿಸುವ ಹುಡುಗರಿಗಾಗಿ ನಮ್ಮದೇ ರಾಜ್ಯ 2025ರಲ್ಲಿ ಕಾಯಿದೆ ಮಾಡಿ ಕಂಪನಿಗಳ ಮೇಲೆ ಕಲ್ಯಾಣ ಶುಲ್ಕ ಹಾಕಿತು. ಇಟ್ಟಿಗೆ ಹೊರುವವನಿಗೆ ಆಗುವುದು, ಮೋಟಾರ್ ಸೈಕಲ್ಲಿನ ಹುಡುಗನಿಗೆ ಆಗುವುದು, ಅಕ್ಕಿ ಚೀಲ ಹೊರುವವನಿಗೆ ಏಕಾಗದು?

ನಮ್ಮ ಬೇಡಿಕೆ

ಒಂದು: ದಿನದ, ತಾಸಿನ, ಚೀಲದ ಲೆಕ್ಕಕ್ಕೆ ದುಡಿಯುವ ಪ್ರತಿಯೊಬ್ಬನ ಹೆಸರೂ ಗಿರಣಿಯ ಪುಸ್ತಕಕ್ಕೆ ಬರಬೇಕು. ಬರೆಯದಿದ್ದಲ್ಲಿ ಅವನು ನೌಕರನಲ್ಲವೆಂದು ತೋರಿಸುವ ಹೊಣೆ ಮಾಲೀಕನದಾಗಬೇಕು.

ಎರಡು: ಇ.ಎಸ್.ಐ.ಯ ಹತ್ತು ಜನರ ಮಿತಿ ಹೋಗಬೇಕು. ಹಂಗಾಮಿನ ಕಾರ್ಖಾನೆಗಳ ವಿನಾಯಿತಿ ಹೋಗಬೇಕು. ತಾಲೂಕಿಗೊಂದು ಇ.ಎಸ್.ಐ. ಚಿಕಿತ್ಸಾಲಯ ಬೇಕು.

ಮೂರು: ಗಾಯಗೊಂಡವನು ವಾಸಿಯಾಗುವವರೆಗೆ ಅವನ ಕೆಲಸ ಅವನದೇ ಎಂದು ಕಾನೂನು ಸ್ಪಷ್ಟವಾಗಿ ಹೇಳಬೇಕು. ಹಳೆಯ ಕೆಲಸ ಮಾಡಲಾಗದಿದ್ದರೆ ಅದೇ ಗಿರಣಿಯಲ್ಲಿ ಹಗುರವಾದ ಕೆಲಸ ಕೊಡಬೇಕು.

ನಾಲ್ಕು: ಇ.ಎಸ್.ಐ. ಇಲ್ಲದ ಕಡೆ ಅರ್ಧ ಕೂಲಿಯ ಬದಲು ಪೂರ್ಣ ಕೂಲಿ, ಮೊದಲ ದಿನದಿಂದಲೇ.

ಐದು: ಗಿರಣಿ ಮತ್ತು ಮಾರುಕಟ್ಟೆಯ ಹಮಾಲರಿಗೆ ವಂತಿಗೆಯ ಮಂಡಳಿ ಕರ್ನಾಟಕದಲ್ಲೂ ಆಗಬೇಕು. ಸಣ್ಣ ಅಂಗಡಿಯವನಿಗೆ ಸಣ್ಣ ವಂತಿಗೆ, ದೊಡ್ಡ ಗಿರಣಿಗೆ ದೊಡ್ಡ ವಂತಿಗೆ.

ಸರಕಾರ ಇದನ್ನೆಲ್ಲ ತಾನಾಗಿ ಕೊಟ್ಟೀತೆಂದು ನಾವು ನಂಬಿಲ್ಲ. ಅಲ್ಲಿಯವರೆಗೆ ಕಾರ್ಮಿಕ ಬಂಧುಗಳು ಮಾಡಬೇಕಾದ್ದಿದೆ. ಗಾಯವಾದ ದಿನವೇ ಅಪಘಾತವನ್ನು ಬರೆಸಿ. ಬರೆದುಕೊಳ್ಳದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಮಾಲೀಕನಿಗೂ ಕಾರ್ಮಿಕ ಇಲಾಖೆಗೂ ತಿಳಿಸಿ. ಆಸ್ಪತ್ರೆಯಲ್ಲಿ ‘ಮನೆಯಲ್ಲಿ ಬಿದ್ದೆ’ ಎಂದು ಹೇಳಿಸುವ ಮುಕಾದಮನ ಮಾತಿಗೆ ಮರುಳಾಗಬೇಡಿ. ಗಿರಣಿಯಲ್ಲಿ ಆಯಿತೆಂದೇ ಡಾಕ್ಟರ ಚೀಟಿಯಲ್ಲಿ ಬರೆಸಿ. ಚೀಟಿಗಳನ್ನು ಹರಿಯದೆ ಇಡಿ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಕೊಡಬೇಡಿ. ಪಕ್ಕದಲ್ಲಿ ದುಡಿಯುತ್ತಿದ್ದವರು ಸಾಕ್ಷಿ ಹೇಳಲು ಅಂಜಬೇಡಿ. ಇಂದು ಅವನ ಬೆರಳು, ನಾಳೆ ಯಾರದೋ! ಮಾಲೀಕ ಇ.ಎಸ್.ಐ.ಗೆ ಹೆಸರು ಕೊಟ್ಟಿರದಿದ್ದರೂ, ನಿಗಮವು ಗಾಯಗೊಂಡವನಿಗೆ ಭತ್ಯೆ ಕೊಟ್ಟು ಮಾಲೀಕನಿಂದ ವಸೂಲು ಮಾಡುವ ದಾರಿ ಕಾನೂನಿನಲ್ಲಿದೆ.

ಆ ಎರಡು ಬೆರಳಿನ ಕಾರ್ಮಿಕನ ಅರ್ಜಿಯನ್ನು ನಮ್ಮ ಕಚೇರಿಯ ಮೇಜಿನ ಮೇಲೆಯೇ ಬರೆದೆವು. ಸಹಿ ಹಾಕುವಾಗ ಅವನು ಎಡಗೈಯಲ್ಲಿ ಪೆನ್ನು ಹಿಡಿದು ಬಹಳ ಹೊತ್ತು ತಿಣುಕಿದ. ಅವನಿಗೆ ಅಕ್ಷರ ಬರುತ್ತದೆ, ಏಳನೆಯ ಇಯತ್ತೆ ಓದಿದವನು. ಅಂದು ಹೆಬ್ಬೆಟ್ಟು ಒತ್ತಿದ್ದು ಬರೆಯುವ ಕೈ ಬೆಲ್ಟಿಗೆ ಹೋಗಿದ್ದರಿಂದ. ಕೊನೆಗೆ ಓರೆಕೋರೆಯಾಗಿ ತನ್ನ ಹೆಸರನ್ನು ಬರೆದ. ಗಿರಣಿಯ ಪುಸ್ತಕದಲ್ಲಿ ಐದು ವರ್ಷ ಬರೆಯದ ಹೆಸರು ಅದು. ಅದು ಆ ಪುಸ್ತಕದಲ್ಲಿ ಬರೆಯಲ್ಪಡುವವರೆಗೆ ನಾವು ಸುಮ್ಮನಿರುವುದಿಲ್ಲ, ಓದುಗರೂ ಸುಮ್ಮನಿರಬಾರದು.